ಕವಾಟದ ಅಲ್ಪದೋಷವೂ ಹಳೆಯ ವರದಿಯೂ

ಬೆಂಗಳೂರಿನಿಂದ ತುಮಕೂರಿನ ಕಡೆಗೆ ಹೊರಟವನು ಪೀಣ್ಯದ ಕಾರ್ಖಾನೆಗಳ ಸಾಲನ್ನು ದಾಟಿ, ಮಾದಾವರದ ವಸ್ತುಪ್ರದರ್ಶನ ಕೇಂದ್ರವನ್ನು ಹಿಂದೆ ಬಿಟ್ಟು, ನೆಲಮಂಗಲವಿನ್ನೂ ಬರಲಿಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಸಿಕ್ಕುವ ಮಾಕಳಿಯು, ದಾಸನಪುರ ಹೋಬಳಿಯ ಒಂದು ಬೇಸಾಯದ ಊರಾಗಿದ್ದ ತನ್ನ ಪೂರ್ವಸ್ಥಿತಿಯನ್ನು ಪೂರ್ತಿಯಾಗಿ ಮರೆಯದೆಯೂ, ಈಗ ಔಷಧದ ಕಾರ್ಖಾನೆ, ಸರಕಿನ ಗೋದಾಮು, ಸಿದ್ಧ ಉಡುಪಿನ ಘಟಕ ಮತ್ತು ಬಾಡಿಗೆ ಕೋಣೆಗಳ ನಡುವೆ ಬಾಳುವುದನ್ನು ಅಭ್ಯಾಸ ಮಾಡಿಕೊಂಡಿದೆ. ರಾಯಚೂರು, ಯಾದಗಿರಿ, ಪಾವಗಡ, ಮಧುಗಿರಿಗಳ ಕಡೆಯಿಂದ ಬಂದು ಈ ಕೋಣೆಗಳಲ್ಲಿ ನೆಲೆಸಿದ ಸಂಸಾರಗಳು ಮನೆ ಬದಲಿಸುವಾಗಲೆಲ್ಲ ಜೋಪಾನವಾಗಿ ಹೊತ್ತೊಯ್ಯುವ ಪ್ಲಾಸ್ಟಿಕ್ ಕವರಿನಲ್ಲಿ, ಆಧಾರ್, ರೇಷನ್ ಕಾರ್ಡು, ಮಕ್ಕಳ ಅಂಕಪಟ್ಟಿಗಳ ಜತೆಗೆ, ಈಚೆಗೆ ಇನ್ನೊಂದು ಕಾಗದವೂ ಹಲವೆಡೆ ಕಾಣಸಿಗುತ್ತದೆ. ಅದು ಹೃದಯದ ಎಕೋ ವರದಿ. ಕಂಪನಿಯ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿಯೋ, ಹೆರಿಗೆಗೆ ಮುಂಚಿನ ಪರೀಕ್ಷೆಯಲ್ಲಿಯೋ, ಶಾಲೆಗೆ ಬಂದ ವೈದ್ಯರ ಕಿವಿಗೋ, ಎದೆಯ ಬಡಿತದ ನಡುವೆ ಇರಬಾರದ ಒಂದು ಸಣ್ಣ ಮರ್ಮರ ಕೇಳಿಬಂದು, ಅದರ ಬೆನ್ನು ಹತ್ತಿ ಮಾಡಿಸಿದ ಪರೀಕ್ಷೆಯ ಫಲವಾಗಿ ಕೈಗೆ ಬಂದ ಆ ಕಾಗದದ ಕೊನೆಯಲ್ಲಿ ‘ಮೈಲ್ಡ್ ಎಂ.ಆರ್.’ ಎಂದೋ ‘ಟ್ರಿವಿಯಲ್ ಟಿ.ಆರ್.’ ಎಂದೋ ಬರೆದಿರುತ್ತದೆ. ಮುಂದೇನು ಮಾಡತಕ್ಕದ್ದೆಂಬುದನ್ನು ಮಾತ್ರ ಬರೆದಿರುವುದಿಲ್ಲ.

ಈ ಕಾಗದವನ್ನು ಪಡೆದವರು ಸಾಮಾನ್ಯವಾಗಿ ಎರಡು ದಾರಿಗಳಲ್ಲೊಂದನ್ನು ಹಿಡಿಯುತ್ತಾರೆ. ಕೆಲವರು ಅಂದಿನಿಂದಲೇ ರೋಗಿಗಳಾಗುತ್ತಾರೆ: ನೀರಿನ ಕೊಡವೆತ್ತಲು ಬಿಡರು, ಮಗನನ್ನು ಆಟಕ್ಕೆ ಕಳಿಸರು, ಮಗಳ ಮದುವೆಯ ಮಾತೆತ್ತಿದರೆ ಕಣ್ಣೀರು ತೆಗೆಯುವರು. ಇನ್ನು ಕೆಲವರು, ಮೈಲ್ಡ್ ಎಂದರೆ ಏನೂ ಇಲ್ಲವೆಂದೇ ಅರ್ಥಮಾಡಿಕೊಂಡು, ಕವರಿನ ತಳಕ್ಕೆ ಸೇರಿದ ವರದಿಯನ್ನು ಮತ್ತೆ ನೋಡುವುದೇ ಇಲ್ಲ. ಎರಡೂ ತಪ್ಪೇ ಆದರೂ ಸಮಾನವಾದ ತಪ್ಪುಗಳಲ್ಲ. ಮೊದಲನೆಯದು ಬಾಳಿನ ಸುಖವನ್ನು ಕೆಡಿಸುತ್ತದೆ. ಎರಡನೆಯದು, ದೋಷದ ಮೂಲ ಯಾವುದೆಂಬುದನ್ನು ಅವಲಂಬಿಸಿ, ಬಾಳನ್ನೇ ಕೆಡಿಸಬಹುದು. ಅಲ್ಪವೆಂಬುದು ಆ ದಿನ ಅಳೆದ ಅಳತೆಯೊಂದರ ಹೆಸರು. ಆ ಅಳತೆ ಎಲ್ಲಿಂದ ಹೊರಟು ಎತ್ತ ಸಾಗುತ್ತಿದೆ ಎಂಬುದನ್ನು ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಹೊರತು ತಿಳಿಯಲಾಗದು.

ಮೊದಲಿಗೆ ಒಂದು ಗೊಂದಲವನ್ನು ನಿವಾರಿಸಬೇಕು. ನಮ್ಮ ಬೀದಿಯಲ್ಲಿ ‘ಹಾರ್ಟಿನಲ್ಲಿ ಬ್ಲಾಕ್’, ‘ಹಾರ್ಟಿನಲ್ಲಿ ತೂತು’, ‘ಹಾರ್ಟಿನಲ್ಲಿ ಲೀಕ್’ ಎಂಬ ಮೂರು ಮಾತುಗಳೂ ಒಂದೇ ಕಾಯಿಲೆಯ ಹೆಸರುಗಳೆಂಬಂತೆ ಓಡಾಡುತ್ತಿವೆ. ಬ್ಲಾಕ್ ಎಂಬುದು ಹೃದಯದ ಮಾಂಸಕ್ಕೆ ರಕ್ತವೊದಗಿಸುವ ನಾಳಗಳಲ್ಲಿ ಕೊಬ್ಬು ಕಟ್ಟಿಕೊಳ್ಳುವ ವ್ಯಾಧಿ. ತೂತು ಎಂಬುದು ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದ, ಕೋಣೆಗಳ ನಡುಗೋಡೆಯಲ್ಲಿರುವ ರಂಧ್ರ. ಲೀಕ್ ಎಂಬುದೊಂದೇ ಕವಾಟಕ್ಕೆ ಸಂಬಂಧಪಟ್ಟದ್ದು. ಬ್ಲಾಕಿಗೆ ಹೆದರಬೇಕಾದ ಹೆದರಿಕೆಯನ್ನು ಲೀಕಿಗೆ ಹೆದರಿ ವ್ಯಯಮಾಡಿದವರನ್ನು ನಾನು ಬಹಳ ಮಂದಿ ಬಲ್ಲೆ.

ಹೃದಯದಲ್ಲಿ ಕವಾಟಗಳು ನಾಲ್ಕು. ಎಡಗಡೆಯ ಹೃತ್ಕರ್ಣ ಹೃತ್ಕುಕ್ಷಿಗಳ ನಡುವೆ ಎರಡು ದಳಗಳ ಮೈಟ್ರಲ್, ಬಲಗಡೆಯವುಗಳ ನಡುವೆ ಮೂರು ದಳಗಳ ಟ್ರೈಕಸ್ಪಿಡ್, ಮಹಾಧಮನಿಯ ಬಾಯಲ್ಲಿ ಅಯೋರ್ಟಿಕ್, ಶ್ವಾಸಕೋಶಕ್ಕೆ ಹೋಗುವ ಧಮನಿಯ ಬಾಯಲ್ಲಿ ಪಲ್ಮನರಿ. ವರದಿಯಲ್ಲಿ ಎಂ.ಆರ್. ಎಂದರೆ ಮೈಟ್ರಲ್ ಸೋರಿಕೆ, ಟಿ.ಆರ್. ಎಂದರೆ ಟ್ರೈಕಸ್ಪಿಡ್ ಸೋರಿಕೆ. ಎದೆಗೆ ಕಿವಿಯಿಟ್ಟಾಗ ಕೇಳುವ ‘ಲಬ್-ಡಬ್’ ಎಂಬುದು ಈ ಕವಾಟಗಳು ಮುಚ್ಚಿಕೊಳ್ಳುವ ಸದ್ದೇ ಆಗಿದೆ. ದಿನಕ್ಕೆ ಸುಮಾರು 1 ಲಕ್ಷ ಸಲ, 70 ವರ್ಷದ ಆಯುಷ್ಯದಲ್ಲಿ 250 ಕೋಟಿಗೂ ಮಿಕ್ಕ ಸಲ, ಎಣ್ಣೆ ಹಾಕುವವರಾಗಲಿ ಭಾಗ ಬದಲಿಸುವವರಾಗಲಿ ಇಲ್ಲದೆ ತೆರೆದು ಮುಚ್ಚುವ ಈ ತೆಳುಪೊರೆಗಳಲ್ಲಿ ಎಲ್ಲಿಯೋ ಒಂದೆಡೆ ಒಂದು ಹನಿ ಹಿಂದಕ್ಕೆ ಜಾರುವುದು ಆಶ್ಚರ್ಯವಲ್ಲ, ಜಾರದಿರುವುದೇ ಆಶ್ಚರ್ಯ. ಆರೋಗ್ಯವಂತರಾದ ಬಹುಮಂದಿಯಲ್ಲಿ ಟ್ರೈಕಸ್ಪಿಡ್ ಕವಾಟದ ಕಿಂಚಿತ್ ಸೋರಿಕೆಯನ್ನು ಯಂತ್ರ ತೋರಿಸಿಯೇ ತೋರಿಸುತ್ತದೆ. ಮಳೆಗಾಲದಲ್ಲಿ ಉಬ್ಬಿ, ಚೌಕಟ್ಟಿಗೆ ನೂಲಿನಷ್ಟು ಹೊಂದದೆ ನಿಂತ ಬಾಗಿಲನ್ನು ನಾವು ಮುರಿದ ಬಾಗಿಲೆನ್ನುವುದಿಲ್ಲವಷ್ಟೆ. ಟ್ರಿವಿಯಲ್ ಎಂದು ಬರೆದದ್ದು ಬಹುತೇಕ ಈ ಬಗೆಯದು. ದಳಗಳ ರಚನೆ ಸಹಜವಾಗಿದ್ದರೆ ಅದಕ್ಕೆ ಚಿಕಿತ್ಸೆಯಿಲ್ಲ, ಪಥ್ಯವಿಲ್ಲ, ಮರುಪರೀಕ್ಷೆಯ ಅಗತ್ಯವೂ ಇಲ್ಲ.

ಆದರೆ ಅಲ್ಪದೋಷದ ಹಿಂದೆ ಮೂರು ಬೇರೆ ಬೇರೆ ಚರಿತ್ರೆಗಳಿರಬಹುದು. ರೋಗಿಯು ವೈದ್ಯರನ್ನು ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ಎಂಬುದಲ್ಲ, ಯಾತರಿಂದ ಎಂಬುದು. ಹುಟ್ಟಿನಿಂದಲೇ ಮಹಾಧಮನಿಯ ಕವಾಟಕ್ಕೆ ಮೂರರ ಬದಲು ಎರಡೇ ದಳಗಳಿರುವವರು ನೂರಕ್ಕೆ ಒಬ್ಬಿಬ್ಬರುಂಟು. ಇವರಲ್ಲಿ ಹಲವರು ನಡುವಯಸ್ಸಿನ ತನಕ ಏನನ್ನೂ ಅರಿಯದೆ ಬಾಳುತ್ತಾರೆ. ಆದರೆ ಕವಾಟದ ಜತೆಗೆ ಮಹಾಧಮನಿಯ ಅಗಲವನ್ನೂ ಆಗಾಗ ಅಳೆಯಬೇಕಾಗುತ್ತದೆ, ಒಡಹುಟ್ಟಿದವರಿಗೂ ಮಕ್ಕಳಿಗೂ ಒಮ್ಮೆ ಎಕೋ ಮಾಡಿಸುವುದು ಯುಕ್ತವಾಗುತ್ತದೆ. ಎರಡನೆಯದು ವಯಸ್ಸಿನದು: ಅರುವತ್ತು ದಾಟಿದ ಮೇಲೆ ಅದೇ ಕವಾಟದ ದಳಗಳಲ್ಲಿ ಸುಣ್ಣ ಕೂಡಿ ಅವು ಬಿಗಿಯಾಗಿ, ದ್ವಾರ ಕಿರಿದಾಗಿ ಸಂಕೋಚವಾಗುತ್ತ ಬರುವುದು. ಕೊಬ್ಬನ್ನಿಳಿಸುವ ಸ್ಟ್ಯಾಟಿನ್ ಮಾತ್ರೆ ಇದನ್ನೂ ತಡೆಯಬಹುದೆಂದು ವೈದ್ಯಲೋಕ ಬಹುವಾಗಿ ಆಶಿಸಿತ್ತು; 2008ರಲ್ಲಿ ಪ್ರಕಟವಾದ ಸೀಸ್ ಎಂಬ ದೊಡ್ಡ ಪ್ರಯೋಗವು ಆ ಆಸೆಯನ್ನು ಕೊನೆಗಾಣಿಸಿತು. ಮೂರನೆಯದು, ನಮ್ಮ ನಾಡಿಗೆ ಇಂದಿಗೂ ಮುಖ್ಯವಾದದ್ದು, ರುಮ್ಯಾಟಿಕ್ ಜ್ವರದಿಂದ ಬಂದದ್ದು.

ಐದರಿಂದ ಹದಿನೈದು ವರ್ಷದ ಮಕ್ಕಳಿಗೆ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಾಣುವಿನಿಂದ ಗಂಟಲು ನೋವು ಬರುತ್ತದೆ. ಅದು ತಾನಾಗಿಯೇ ವಾಸಿಯಾಗಿ, ಎಲ್ಲರೂ ಮರೆತ ಎರಡು ಮೂರು ವಾರಗಳ ಮೇಲೆ, ಆ ಸೂಕ್ಷ್ಮಾಣುವಿನ ವಿರುದ್ಧ ಸಿದ್ಧವಾದ ದೇಹದ ರಕ್ಷಣಶಕ್ತಿಯು ಗುರಿತಪ್ಪಿ ತನ್ನದೇ ಕೀಲುಗಳ ಮೇಲೂ ಹೃದಯದ ಮೇಲೂ ಎರಗುತ್ತದೆ. ಇದೇ ರುಮ್ಯಾಟಿಕ್ ಜ್ವರ. ಮೊಣಕಾಲು ಊದಿ, ಅದು ಇಳಿದು ಪಾದದ ಕೀಲಿಗೆ ಹೋಗಿ, ಅಲ್ಲಿಂದ ಮೊಣಕೈಗೆ ಹಾರುವ ನೋವನ್ನು ‘ಬೆಳೆಯುವ ವಯಸ್ಸಿನ ನೋವು’ ಎಂದು ಹಿರಿಯರು ಎಣ್ಣೆ ಸವರಿ ಸುಮ್ಮನಾಗುತ್ತಾರೆ. ಕೀಲುಗಳು ಪೂರ್ತಿ ಗುಣವಾಗುತ್ತವೆ. ಕವಾಟ ಅನೇಕರಲ್ಲಿ ಆಗುವುದಿಲ್ಲ. ಇಕ್ಕಟ್ಟಾದ ಕೋಣೆ, ಒಂದೇ ಹಾಸಿಗೆಯಲ್ಲಿ ಮೂರು ನಾಲ್ಕು ಮಕ್ಕಳು, ಗಂಟಲು ನೋವಿಗೆ ವೈದ್ಯರಲ್ಲಿಗೆ ಹೋದರೆ ಸಂಬಳ ಕಡಿತವಾಗುವ ತಂದೆತಾಯಿ — ಇವೆಲ್ಲ ಈ ರೋಗಕ್ಕೆ ಪ್ರಿಯವಾದ ಪರಿಸ್ಥಿತಿಗಳು. ಪಾಶ್ಚಾತ್ಯ ದೇಶಗಳಲ್ಲಿ ಇದು ಅಪೂರ್ವವಾದುದಕ್ಕೆ ಪೆನಿಸಿಲಿನ್ನಿನಷ್ಟೇ ಮನೆಗಳ ಸುಧಾರಣೆಯೂ ಕಾರಣ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸುಜೋಯ್ ರಾಯ್ ಮತ್ತು ಸಂಗಡಿಗರು 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು ಲೋಕಕ್ಕೆ ತಿಳಿಸಿದ ಸಂಗತಿಯೆಂದರೆ, ಬೇರೆಡೆ ನಡುವಯಸ್ಸಿನಲ್ಲಿ ಕಾಣುವ ಮೈಟ್ರಲ್ ಕವಾಟದ ತೀವ್ರ ಸಂಕೋಚವು ಭಾರತದಲ್ಲಿ ಇಪ್ಪತ್ತು ವರ್ಷ ತುಂಬುವ ಮೊದಲೇ ಕಾಣಿಸಿಕೊಳ್ಳುತ್ತದೆ ಎಂಬುದು. ಈಚೆಗೆ, 2014ರಲ್ಲಿ ಇಂಡಿಯನ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟವಾದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರ ಅಧ್ಯಯನವು, 2010ರಿಂದ 2012ರ ವರೆಗೆ ಅಲ್ಲಿ ಮೊದಲ ಸಲ ಎಕೋ ಮಾಡಿಸಿಕೊಂಡ 1 ಲಕ್ಷಕ್ಕೂ ಮಿಕ್ಕ ಜನರ ವರದಿಗಳನ್ನು ತೆಗೆದು ನೋಡಿ, ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಗೆ ಕವಾಟದ ರೋಗವಿರುವುದನ್ನೂ, ಅದಕ್ಕೆ ರುಮ್ಯಾಟಿಕ್ ಜ್ವರವೇ ಪ್ರಧಾನ ಕಾರಣವಾಗಿರುವುದನ್ನೂ ದಾಖಲಿಸಿತು. ಆಸ್ಪತ್ರೆಗೆ ಬಂದವರ ಲೆಕ್ಕವಾದುದರಿಂದ ಅದನ್ನು ನಾಡಿನ ಲೆಕ್ಕವೆಂದು ಹಿಡಿಯಬಾರದು, ನಿಜ. ಆದರೂ ಇಪ್ಪತ್ತೊಂದನೆಯ ಶತಮಾನದ ಐ.ಟಿ. ನಗರಕ್ಕೆ ಇದು ಶೋಭೆ ತರುವ ಅಂಕಿಯಲ್ಲ.

ಇನ್ನು ಎಕೋ ಎಂಬ ಪರೀಕ್ಷೆಯ ವಿಚಾರ. ಪೀಣ್ಯದಲ್ಲಿ ದುಡಿದವರಿಗೆ ಇದರ ಮರ್ಮವನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅಲ್ಲಿಯ ಕಾರ್ಖಾನೆಗಳಲ್ಲಿ ಎರಕದ ತುಂಡನ್ನೋ ಬೆಸುಗೆಯ ಸಂದನ್ನೋ ಒಡೆಯದೆ ಕೊಯ್ಯದೆ ಒಳಗಿನ ಬಿರುಕನ್ನು ಕಂಡುಹಿಡಿಯಲು, ಮೇಲೆ ಅಂಟುದ್ರವವನ್ನು ಸವರಿ, ಒಂದು ಪ್ರೋಬನ್ನು ಒತ್ತಿ, ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸಿ, ಮರಳಿ ಬಂದ ಪ್ರತಿಧ್ವನಿಯನ್ನು ಪರದೆಯ ಮೇಲೆ ನೋಡುವ ‘ಯು.ಟಿ. ಟೆಸ್ಟ್’ ನಿತ್ಯದ ಮಾತು. ಹೃದಯದ ಎಕೋ ಹುಟ್ಟಿದ್ದೂ ಇದರಿಂದಲೇ. ಸ್ವೀಡನ್ನಿನ ಲುಂಡ್ ನಗರದ ಆಸ್ಪತ್ರೆಯಲ್ಲಿ ಇಂಗೆ ಎಡ್ಲರ್ ಎಂಬ ವೈದ್ಯನಿಗೆ, ಶಸ್ತ್ರಕ್ರಿಯೆಗೆ ಕಳಿಸುವ ಮುಂಚೆ ರೋಗಿಯ ಮೈಟ್ರಲ್ ಕವಾಟದ ಸ್ಥಿತಿಯನ್ನು ನಿಶ್ಚಯವಾಗಿ ಅರಿಯುವ ಉಪಾಯ ಬೇಕಾಗಿತ್ತು. ಅಲ್ಲಿಯ ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್‌ನಿಗೆ ಲೋಹದೊಳಗಿನ ದೋಷವನ್ನು ಕಾಣಿಸುವ ಈ ಯಂತ್ರದ ಪರಿಚಯವಿತ್ತು. ಮಾಲ್ಮೊ ಬಂದರಿನ ಹಡಗುಕಟ್ಟೆಯಿಂದ ಅಂಥ ಯಂತ್ರವೊಂದನ್ನು ಎರವಲು ತಂದು ಪ್ರಯೋಗ ಆರಂಭಿಸಿ, 1953ರ ಅಕ್ಟೋಬರಿನಲ್ಲಿ ಇವರಿಬ್ಬರೂ ಬಡಿಯುವ ಹೃದಯದ ಮೊದಲ ಪ್ರತಿಧ್ವನಿಯನ್ನು ದಾಖಲೆಮಾಡಿದರು. ಹಡಗಿನ ಉಕ್ಕಿನ ಬಿರುಕನ್ನು ಹುಡುಕುವ ಸಾಧನ ಮನುಷ್ಯನೆದೆಯ ಪೊರೆಯ ಚಲನೆಯನ್ನು ತೋರಿತೆಂಬುದು ನನಗೆ ಯಾವ ಪುರಾಣದ ಅದ್ಭುತಕ್ಕೂ ಕಡಿಮೆಯಾಗಿ ಕಂಡಿಲ್ಲ. 1816ರಲ್ಲಿ ಪ್ಯಾರಿಸಿನ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಆಲಿಸಿದಂದಿನಿಂದ ಹೃದಯದ ಸದ್ದನ್ನಷ್ಟೇ ಕೇಳುತ್ತಿದ್ದ ವೈದ್ಯಕ್ಕೆ ಕಣ್ಣು ಬಂದದ್ದು ಇಲ್ಲಿ.

ಕಣ್ಣಿನ ಜತೆಗೆ ವೇಗವನ್ನಳೆಯುವ ಬಗೆಯೂ ಮುಂದೆ ಕೂಡಿಕೊಂಡಿತು. ಮಾಕಳಿಯ ಹೆದ್ದಾರಿಯ ಅಂಚಿನಲ್ಲಿ ನಿಂತವರೆಲ್ಲರಿಗೂ ಅನುಭವವಿರುವಂತೆ, ಎದುರಿನಿಂದ ಬರುವ ಲಾರಿಯ ಹಾರ್ನಿನ ಸ್ವರ ನಮ್ಮನ್ನು ದಾಟಿದ ಕ್ಷಣದಲ್ಲಿ ತಟ್ಟನೆ ತಗ್ಗುತ್ತದೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಸೂತ್ರೀಕರಿಸಿದ ಈ ವಿದ್ಯಮಾನವನ್ನೇ ರಕ್ತಕಣಗಳ ಮೇಲೆ ಪ್ರಯೋಗಿಸಿದರೆ, ಅವು ಎತ್ತ, ಎಷ್ಟು ಜೋರಾಗಿ ಓಡುತ್ತಿವೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ದಾರಿ ಕಿರಿದಾದಷ್ಟೂ ಓಟ ಹೆಚ್ಚು: ಮಹಾಧಮನಿಯ ಕವಾಟವನ್ನು ಸೆಕೆಂಡಿಗೆ ಹೆಚ್ಚುಕಡಿಮೆ 1 ಮೀಟರ್ ವೇಗದಲ್ಲಿ ದಾಟಬೇಕಾದ ರಕ್ತ 2ರಿಂದ 3 ಮೀಟರ್ ವೇಗದಲ್ಲಿ ದಾಟಿದರೆ ಸಂಕೋಚ ಅಲ್ಪ, 3ರಿಂದ 4ರ ವರೆಗೆ ಮಧ್ಯಮ, 4 ಮುಟ್ಟಿದರೆ ತೀವ್ರ. ಸಂಕೋಚವಿರುವವರಲ್ಲಿ ಈ ವೇಗ ಸರಾಸರಿ ವರ್ಷಕ್ಕೆ 0.3 ಮೀಟರಿನಷ್ಟು ಏರುತ್ತದೆಂದು ಪುಸ್ತಕಗಳು ಹೇಳುತ್ತವೆ; ಕೆಲವರಲ್ಲಿ ಅದು ವರ್ಷಗಟ್ಟಲೆ ನಿಂತಲ್ಲೇ ನಿಂತಿರುತ್ತದೆ, ಕೆಲವರಲ್ಲಿ ಓಡುತ್ತದೆ. ನಾವು ಯಾವ ಗುಂಪಿಗೆ ಸೇರಿದವರೆಂಬುದನ್ನು ಸರಾಸರಿ ಹೇಳಲಾರದು, ನಮ್ಮದೇ ಹಳೆಯ ಅಂಕಿ ಹೇಳಬಲ್ಲದು. ಮೈಟ್ರಲ್ ಸೋರಿಕೆಯಲ್ಲಿಯೂ ಹಾಗೆಯೇ: ಹಿಂದಕ್ಕೆ ಚಿಮ್ಮುವ ಧಾರೆಯ ಅತಿ ಕಿರಿದಾದ ಭಾಗದ ಅಗಲ 3 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಅಲ್ಪ, 7 ಅಥವಾ ಹೆಚ್ಚಾದರೆ ತೀವ್ರ. ಮೈಲ್ಡ್ ಎಂಬ ಪದದ ಬೆನ್ನಿಗೆ ಇಂತಹ ಅಂಕಿಗಳಿರಬೇಕು. ಇಲ್ಲದ ವರದಿ ಅರ್ಧ ವರದಿ.

ನಮ್ಮ ಬೀದಿಯ, ಯಾದಗಿರಿ ಕಡೆಯ ಒಬ್ಬ ತಾಯಿ ಹದಿನಾಲ್ಕರ ಮಗನನ್ನು ಎಕೋ ಮಾಡಿಸಲು ಕರೆದೊಯ್ಯುವಾಗ, ಇಂಗ್ಲಿಷ್ ಓದಬಲ್ಲ ನೆರೆಯವನೆಂಬ ಕಾರಣಕ್ಕೆ ನನ್ನನ್ನೂ ಕರೆದಿದ್ದರು. ಮಂದ ಬೆಳಕಿನ ಕೋಣೆಯಲ್ಲಿ ಹುಡುಗನನ್ನು ಎಡಮಗ್ಗುಲಾಗಿ ಮಲಗಿಸಿ, ಎಡಗೈಯನ್ನು ತಲೆಯಡಿಗೆ ಇರಿಸಿ, ಎದೆಗೆ ತಣ್ಣನೆಯ ಜೆಲ್ ಹಚ್ಚಿದಾಗ ಅವನು ಕಚಗುಳಿಗೆ ನಕ್ಕ. ತಂತ್ರಜ್ಞೆ ಪ್ರೋಬನ್ನು ಪಕ್ಕೆಲುಬುಗಳ ಸಂದಿನಲ್ಲಿ ಓರೆಯಾಗಿ ಒತ್ತುತ್ತಿದ್ದಂತೆ ಪರದೆಯ ಮೇಲೆ ಬೂದುಬಣ್ಣದ ದಳಗಳೆರಡು ಪಟಪಟನೆ ಬಡಿದವು. ಗುಂಡಿಯೊತ್ತಿದಾಗ ಅದರ ಮೇಲೆ ಕೆಂಪು ನೀಲಿ ಬಣ್ಣಗಳು ಹರಡಿದುವು. ಪ್ರತಿ ಬಡಿತದಲ್ಲಿಯೂ ಒಂದು ಸಣ್ಣ ನೀಲಿಯ ಎಸಳು ಪರದೆಯ ಮೇಲ್ಭಾಗದಲ್ಲಿ ಕಾಣುವ ಹೃತ್ಕುಕ್ಷಿಯಿಂದ ಹಿಂದಕ್ಕೆ ಚಿಮ್ಮುವುದನ್ನು ಕಂಡು ತಾಯಿಗೆ ತಡೆಯಲಾಗಲಿಲ್ಲ.

‘ಅಕ್ಕಾರ, ಆ ನೀಲಿದು ಕೆಟ್ಟ ರಗತ ಏನ್ರೀ?’

‘ಇಲ್ಲಮ್ಮ. ನನ್ನ ಕೈ ಕಡೆ ಬರೋದು ಕೆಂಪು, ಆಚೆ ಹೋಗೋದು ನೀಲಿ. ಬಣ್ಣ ಮೆಷಿನ್ ಹಾಕೋದು. ರಕ್ತ ಎಲ್ಲಾ ಒಂದೇ. ಹಳೇ ರಿಪೋರ್ಟ್ ತಂದಿದೀರಾ?’

‘ಊರಾಗ ಐತ್ರಿ.’

ಈ ಉತ್ತರವನ್ನು ಆ ತಂತ್ರಜ್ಞೆ ದಿನಕ್ಕೆ ಎಷ್ಟು ಸಲ ಕೇಳುತ್ತಾರೋ! ಊರಿನ ಅಣ್ಣ ಸಂಜೆಗೆ ವಾಟ್ಸಪ್‌ನಲ್ಲಿ ಕಳಿಸಿದ ಹಳೆಯ ವರದಿಯ ಚಿತ್ರದಲ್ಲಿ ‘ಮೈಲ್ಡ್ ಎಂ.ಆರ್.’ ಎಂಬ ಎರಡು ಪದಗಳಿದ್ದುವೇ ಹೊರತು ಅಳತೆ ಒಂದೂ ಇರಲಿಲ್ಲ. ಹೊಸ ವರದಿಯಲ್ಲಿ ಅಳತೆಗಳಿದ್ದುವು. ಆದರೆ ಹೋಲಿಸಿ ನೋಡಲು ಏನೂ ಇಲ್ಲವಾದುದರಿಂದ, ಹುಡುಗನ ಹೃದಯದ ಚರಿತ್ರೆ ಅಂದಿನಿಂದ ಹೊಸದಾಗಿ ಆರಂಭವಾಯಿತೆನ್ನಬೇಕು.

ಯಂತ್ರ ಕಾಣಿಸಿದ್ದೆಲ್ಲ ರೋಗವಲ್ಲವೆಂಬುದಕ್ಕೂ ವೈದ್ಯದ ಇತಿಹಾಸದಲ್ಲಿ ಸ್ವಾರಸ್ಯವಾದ ಸಾಕ್ಷಿಯುಂಟು. ದಕ್ಷಿಣ ಆಫ್ರಿಕದ ಜಾನ್ ಬಾರ್ಲೊ 1963ರಲ್ಲಿ ಬಡಿತದ ನಡುವಣ ಒಂದು ‘ಟಿಕ್’ ಶಬ್ದಕ್ಕೆ ಮೈಟ್ರಲ್ ಕವಾಟವೇ ಮೂಲವೆಂದು ತೋರಿಸಿದರು. ದಳ ಹಿಂದಕ್ಕೆ ಉಬ್ಬುವ ಈ ಸ್ಥಿತಿಗೆ ಪ್ರೊಲ್ಯಾಪ್ಸ್ ಎಂದು ಹೆಸರಾಯಿತು. ಎಕೋ ಯಂತ್ರಗಳು ಹಬ್ಬಿದ ಎಪ್ಪತ್ತು ಎಂಬತ್ತರ ದಶಕಗಳಲ್ಲಿ, ಎದೆ ಡವಗುಟ್ಟುತ್ತದೆಂದು ಬಂದ ಯುವತಿಯರಲ್ಲಿ ಅನೇಕರಿಗೆ ಈ ಹೆಸರನ್ನು ಹಚ್ಚಿ ಕಳಿಸಲಾಯಿತು. ಆಮೇಲೆ ರಾಬರ್ಟ್ ಲೆವಿನ್ ಮತ್ತು ಸಂಗಡಿಗರು, ಕವಾಟದ ಸುತ್ತಣ ಉಂಗುರ ಚಪ್ಪಟೆಯಾಗಿಲ್ಲ, ಕುದುರೆಯ ಜೀನಿನ ಆಕಾರದಲ್ಲಿದೆ, ಆದುದರಿಂದ ಒಂದು ಕೋನದಿಂದ ನೋಡಿದಾಗ ಆರೋಗ್ಯವಾದ ದಳವೂ ಉಬ್ಬಿದಂತೆ ತೋರುತ್ತದೆ ಎಂಬುದನ್ನು ತೋರಿಸಿದ ಮೇಲೆ ನಿಯಮಗಳನ್ನು ಬಿಗಿಗೊಳಿಸಲಾಯಿತು; 1999ರ ಫ್ರಾಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ನಿಜವಾದ ಪ್ರೊಲ್ಯಾಪ್ಸ್ ನೂರಕ್ಕೆ 2.4 ಮಂದಿಯಲ್ಲಷ್ಟೇ ಕಂಡಿತು. ದಶಕಗಳ ಹಿಂದೆ ಈ ಹೆಸರನ್ನು ಪಡೆದು ಇಂದಿಗೂ ಅದನ್ನು ಹೊತ್ತು ತಿರುಗುವ ಹಿರಿಯರು ನಮ್ಮಲ್ಲಿದ್ದರೆ, ಹೊಸ ಎಕೋ ಒಂದನ್ನು ಮಾಡಿಸಿ ಆ ಭಾರವನ್ನು ಇಳಿಸಿಕೊಳ್ಳುವ ಅವಕಾಶ ಅವರಿಗುಂಟು.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ನೋಡಿಸಬೇಕು? ಅಮೆರಿಕದ ಹೃದ್ರೋಗ ಸಂಸ್ಥೆಗಳ 2020ರ ಮಾರ್ಗಸೂಚಿಯಂತೆ ಅಲ್ಪದೋಷಕ್ಕೆ 3ರಿಂದ 5 ವರ್ಷಕ್ಕೊಮ್ಮೆ, ಮಧ್ಯಮಕ್ಕೆ 1ರಿಂದ 2 ವರ್ಷಕ್ಕೊಮ್ಮೆ, ತೀವ್ರವಾದುದಕ್ಕೆ 6ರಿಂದ 12 ತಿಂಗಳಿಗೊಮ್ಮೆ ಎಕೋ ಸಾಕು. ರುಮ್ಯಾಟಿಕ್ ಮೂಲದ ಎಳೆಯರಲ್ಲಿ ವೈದ್ಯರು ಇದಕ್ಕಿಂತ ಬೇಗ ಕರೆಯುವುದು ವಿವೇಕ. ಮೂಲ ತಿಳಿಯದೆ, ಲಕ್ಷಣ ಬದಲಾಗದೆ, ಆರು ತಿಂಗಳಿಗೊಮ್ಮೆ ಹೊಸ ಲ್ಯಾಬಿನಲ್ಲಿ ಹೊಸ ಎಕೋ ಮಾಡಿಸುತ್ತ ಹೋಗುವುದು ಹಣದ ಅಪವ್ಯಯ. ಅದಕ್ಕಿಂತ ಹೆಚ್ಚಾಗಿ ಮನಶ್ಶಾಂತಿಯ ಅಪವ್ಯಯ. ಯಾಕೆಂದರೆ ಒಬ್ಬ ಪರೀಕ್ಷಕರ ‘ಮೈಲ್ಡ್’ ಇನ್ನೊಬ್ಬರ ‘ಮೈಲ್ಡ್ ಟು ಮಾಡರೇಟ್’ ಆಗುವುದು ಅಪರೂಪವಲ್ಲ; ಅಂದು ರಕ್ತದೊತ್ತಡ ಏರಿದ್ದರೂ ಸೋರಿಕೆ ಹೆಚ್ಚಿ ತೋರುತ್ತದೆ. ಸಾಧ್ಯವಿದ್ದಮಟ್ಟಿಗೆ ಒಂದೇ ಕಡೆ, ಹಳೆಯ ವರದಿಯನ್ನು ಮುಂದಿಟ್ಟು, ಅಂದಿನ ರಕ್ತದೊತ್ತಡವನ್ನು ವರದಿಯಲ್ಲಿ ಬರೆಸಿ ಮಾಡಿಸುವ ಎಕೋ ನಂಬಲರ್ಹವಾದುದು.

ಈ ಸಣ್ಣ ನಿಯಮವೇ ನಮ್ಮ ಪ್ರದೇಶದಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು. ಕಾರ್ಖಾನೆ ಬದಲಾದರೆ ಕೋಣೆ ಬದಲಾಗುತ್ತದೆ, ಕೋಣೆ ಬದಲಾದರೆ ವೈದ್ಯರು ಬದಲಾಗುತ್ತಾರೆ. ಪೀಣ್ಯದ ಇ.ಎಸ್.ಐ. ಆಸ್ಪತ್ರೆ ಕಾರ್ಮಿಕ ಸಂಸಾರಗಳಿಗೆ ದೊಡ್ಡ ಆಸರೆಯೇ ಸರಿ. ಸಂಬಳದಲ್ಲಿ ನೂರಕ್ಕೆ 75 ಪೈಸೆಯ ವಂತಿಗೆಗೆ ಸಂಸಾರಕ್ಕೆಲ್ಲ ವೈದ್ಯವನ್ನೊದಗಿಸುವ ಇಂಥದು ಖಾಸಗಿ ವಿಮೆಯಲ್ಲಿ ಎಲ್ಲಿಯೂ ಸಿಗದು. ಆದರೆ 2017ರಲ್ಲಿ ನಿಗದಿಯಾದ ತಿಂಗಳಿಗೆ 21,000 ರೂಪಾಯಿಯ ವೇತನಮಿತಿಯನ್ನು ದಾಟಿದವನು, ಆ ವಂತಿಗೆ ಅವಧಿ ಮುಗಿದ ಬಳಿಕ ಯೋಜನೆಯ ಹೊರಗಾಗುತ್ತಾನೆ. ಬಡ್ತಿ ಬಂದ ಸಂತೋಷದಲ್ಲಿ, ರುಮ್ಯಾಟಿಕ್ ದೋಷವಿರುವ ಮಗನ ಪೆನಿಸಿಲಿನ್ ಚುಚ್ಚುಮದ್ದಿನ ಸರಣಿ ಕಡಿಯುವುದುಂಟು.

ಆ ಚುಚ್ಚುಮದ್ದಿನ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಕವಾಟದ ಅಲ್ಪದೋಷವನ್ನು ಅಲ್ಪವಾಗಿಯೇ ಉಳಿಸಬಲ್ಲ ಮದ್ದೆಂದು ಸಿದ್ಧವಾಗಿರುವುದು ಸದ್ಯಕ್ಕೆ ಇದೊಂದೇ, ಅದೂ ರುಮ್ಯಾಟಿಕ್ ಮೂಲದ ದೋಷಕ್ಕೆ ಮಾತ್ರ. ಬೆಂಜಥೀನ್ ಪೆನಿಸಿಲಿನ್ ಎಂಬ ಈ ಮದ್ದನ್ನು ಜನ ಪೆನಿಡ್ಯೂರ್ ಎಂದೇ ಕರೆಯುತ್ತಾರೆ. ಬಿಳಿಯ ಪುಡಿಯಾಗಿ ಬರುವ 12 ಲಕ್ಷ ಯೂನಿಟನ್ನು, ಚಿಕ್ಕ ಮಕ್ಕಳಿಗಾದರೆ ಅದರ ಅರ್ಧವನ್ನು, ಶುದ್ಧಜಲದಲ್ಲಿ ಕದಡಿ, ದಪ್ಪ ಸೂಜಿಯಿಂದ ಸೊಂಟದ ಮಾಂಸಕ್ಕೆ ನಿಧಾನವಾಗಿ ಚುಚ್ಚಬೇಕು. ನೋವು ಒಂದೆರಡು ದಿನ ಇರುತ್ತದೆ. ನಮ್ಮಲ್ಲಿ ಮೂರು ವಾರಕ್ಕೊಮ್ಮೆ ಕೊಡುವುದು ರೂಢಿ. ಕವಾಟಕ್ಕೆ ಪೆಟ್ಟು ಬಿದ್ದವರು ಕೊನೆಯ ಜ್ವರದಿಂದ 10 ವರ್ಷ ಅಥವಾ ತಮಗೆ 40 ವರ್ಷ ತುಂಬುವ ತನಕ, ಇವುಗಳಲ್ಲಿ ಯಾವುದು ದೀರ್ಘವೋ ಅಷ್ಟು ಕಾಲ, ಇದನ್ನು ಪಡೆಯಬೇಕೆಂಬುದು ನಿಯಮ. ಅಲರ್ಜಿಯ ಭಯದಿಂದ ಬಹಳ ಮಂದಿ ಖಾಸಗಿ ವೈದ್ಯರು ಇದನ್ನು ಕೊಡಲು ಒಪ್ಪುವುದಿಲ್ಲ. ಭಯ ನಿರಾಧಾರವಲ್ಲವಾದರೂ, ಪರೀಕ್ಷಾ ಡೋಸು ಮತ್ತು ತುರ್ತು ಮದ್ದುಗಳ ಸಿದ್ಧತೆಯಿರುವ ಕಡೆ ಇದನ್ನು ನಿರಾಕರಿಸುವುದು ನ್ಯಾಯವಲ್ಲ. ಅಲ್ಪದೋಷಕ್ಕೆ ಇಷ್ಟೆಲ್ಲ ಬೇಕೆ ಎಂದು ಕೇಳುವವರಿಗೆ ಉಗಾಂಡದ ಉತ್ತರಭಾಗದಲ್ಲಿ 818 ಮಕ್ಕಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಗೋಲ್ ಎಂಬ ಪ್ರಯೋಗವೇ ಉತ್ತರ. ಎಕೋದಲ್ಲಷ್ಟೇ ಕಂಡ, ಲಕ್ಷಣವೇ ಇಲ್ಲದ ದೋಷವಿದ್ದ ಮಕ್ಕಳವರು. ಎರಡು ವರ್ಷಗಳಲ್ಲಿ, ಚುಚ್ಚುಮದ್ದು ಪಡೆಯದವರಲ್ಲಿ ನೂರಕ್ಕೆ 8.2 ಮಂದಿಯ ಕವಾಟ ಹದಗೆಟ್ಟಿತು, ಪಡೆದವರಲ್ಲಿ 0.8 ಮಂದಿಯದು.

ಇನ್ನುಳಿದ ಎಚ್ಚರಗಳಲ್ಲಿ ಜ್ವರದ್ದು ಮುಖ್ಯ. ಸೋರುವ ಕವಾಟದ ಮೇಲೆ ರಕ್ತದಲ್ಲಿ ತೇಲಿಬಂದ ಸೂಕ್ಷ್ಮಾಣುಗಳು ನೆಲೆಯೂರಿದರೆ ಅದು ಭಯಂಕರವಾದ ವ್ಯಾಧಿ. ಅಲ್ಪದೋಷದವರಲ್ಲಿ ಅಪರೂಪವೇ ಆದರೂ ಇಲ್ಲವೆನ್ನುವಂತಿಲ್ಲ. ಕಾರಣ ತಿಳಿಯದ ಜ್ವರ ವಾರದ ತನಕ ನಿಂತರೆ, ಮೆಡಿಕಲ್‌ನಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್ ನುಂಗುವ ಮೊದಲೇ, ಕವಾಟದ ದೋಷವನ್ನು ವೈದ್ಯರಿಗೆ ತಿಳಿಸಿ ರಕ್ತದ ಕಲ್ಚರ್ ಮಾಡಿಸಬೇಕು. ಎರಡು ಮಾತ್ರೆ ಹೊಟ್ಟೆಗೆ ಬಿದ್ದ ಮೇಲೆ ಸೂಕ್ಷ್ಮಾಣು ಕಲ್ಚರಿನಲ್ಲಿ ಸಿಗದೆ ಹೋಗಬಹುದು. ಹಲ್ಲು ಕೀಳಿಸುವ ಮುಂಚೆ ಪ್ರತಿಯೊಬ್ಬ ಕವಾಟದ ರೋಗಿಗೂ ಮಾತ್ರೆ ಕೊಡುತ್ತಿದ್ದ ಹಳೆಯ ಪದ್ಧತಿಯನ್ನು ಅಮೆರಿಕದ ಹೃದಯ ಸಂಘ 2007ರಲ್ಲಿ ಕೈಬಿಟ್ಟು, ಕೃತಕ ಕವಾಟದವರು ಮೊದಲಾದ ಹೆಚ್ಚಿನ ಅಪಾಯದವರಿಗೆ ಮಾತ್ರ ಉಳಿಸಿತು. ಉಳಿದವರಿಗೆ ದಿನಕ್ಕೆರಡು ಸಲ ಹಲ್ಲುಜ್ಜುವುದೇ ಮದ್ದು; ಹೊಗೆಸೊಪ್ಪು, ಗುಟ್ಕಾಗಳಿಂದ ಒಸಡು ಕೊಳೆತವರಿಗೆ ಈ ಮಾತು ವಿಶೇಷವಾಗಿ ಸಲ್ಲುತ್ತದೆ.

ಮದುವೆಯ ವಿಷಯದಲ್ಲಿ ನಮ್ಮ ಸಮಾಜದ ವರ್ತನೆ ನನಗೆ ಸಹ್ಯವಾಗಿ ಕಂಡಿಲ್ಲ. ಹೆಣ್ಣಿನ ಕಡೆಯವರು ವರದಿಯನ್ನು ಬಚ್ಚಿಡುತ್ತಾರೆ; ಬಚ್ಚಿಡಲು ಚುಚ್ಚುಮದ್ದನ್ನೂ ನಿಲ್ಲಿಸುತ್ತಾರೆ. ಅಲ್ಪ ಸೋರಿಕೆಯುಳ್ಳವಳು ಹೆರುವುದಕ್ಕೂ ದುಡಿಯುವುದಕ್ಕೂ ಇತರರಷ್ಟೇ ಸಮರ್ಥಳು. ಸಂಕೋಚದ ಮಾತು ಬೇರೆ: ಸಹಜವಾಗಿ 4ರಿಂದ 6 ಚದರ ಸೆಂಟಿಮೀಟರ್ ತೆರೆಯುವ ಮೈಟ್ರಲ್ ದ್ವಾರ ಕಿರಿದಾಗಿರುವಲ್ಲಿ, ಗರ್ಭಿಣಿಯ ದೇಹದಲ್ಲಿ ರಕ್ತದ ಪ್ರಮಾಣ ನೂರಕ್ಕೆ 40ರಿಂದ 50ರಷ್ಟು ಏರಿದಾಗ, ಅಲ್ಲಿಯ ತನಕ ಸುಮ್ಮನಿದ್ದ ದೋಷ ಉಬ್ಬಸವಾಗಿ ತೋರಿಕೊಳ್ಳುತ್ತದೆ. ಗರ್ಭಕ್ಕೆ ಮುಂಚೆ ಒಂದು ಎಕೋ, ಗರ್ಭದಲ್ಲಿ ವೈದ್ಯರು ಹೇಳಿದಾಗ ಇನ್ನೊಂದು. ಇಷ್ಟಕ್ಕೆ ಗಂಡನ ಮನೆಗೆ ಸತ್ಯ ಗೊತ್ತಿರಬೇಕು.

ದುಡಿಮೆಗಾಗಲಿ ಆಟಕ್ಕಾಗಲಿ ಅಲ್ಪದೋಷ ಅಡ್ಡಿಯಲ್ಲ. ಹೊಲಿಗೆಯ ಯಂತ್ರದ ಮುಂದೆ ಕೂರಬಹುದು, ರಾತ್ರಿಪಾಳಿ ಮಾಡಬಹುದು, ಕಬಡ್ಡಿ ಆಡಬಹುದು. ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟುಕೊಂಡರೆ ಕವಾಟಕ್ಕೆ ಅದೇ ದೊಡ್ಡ ಉಪಕಾರ. ಕಳೆದ ವರ್ಷ ನಿರಾಯಾಸವಾಗಿ ಹತ್ತಿದ ಮೆಟ್ಟಿಲಲ್ಲಿ ಈ ವರ್ಷ ನಿಲ್ಲಬೇಕಾಗುವುದು, ಅಂಗಾತ ಮಲಗಲಾರದೆ ದಿಂಬು ಏರಿಸಬೇಕಾಗುವುದು, ಪಾದ ಊದುವುದು, ದುಡಿಯುವಾಗ ತಲೆಸುತ್ತಿ ಬೀಳುವುದು, ಬಡಿತ ತಾಳತಪ್ಪಿ ಓಡುವುದು — ಇವುಗಳಲ್ಲಿ ಯಾವೊಂದು ಕಂಡರೂ ಮೂರು ವರ್ಷದ ಗಡುವನ್ನು ಕಾಯಬಾರದು. ದೋಷ ಮುಂದುವರಿದವರಿಗೂ ಈಗ ದಾರಿಗಳುಂಟು. ಬಿಗಿದ ಮೈಟ್ರಲ್ ಕವಾಟವನ್ನು ಎದೆ ಸೀಳದೆ ಬಲೂನಿನಿಂದ ಬಿಡಿಸುವ, ಜಪಾನಿನ ಕಾಂಜಿ ಇನೊವೆ 1982ರಲ್ಲಿ ಆರಂಭಿಸಿದ ಚಿಕಿತ್ಸೆಯಲ್ಲಿ ನಮ್ಮ ಜಯದೇವ ಸಂಸ್ಥೆಯೂ ಅದರ ನಿರ್ದೇಶಕರಾಗಿದ್ದ ಡಾ. ಸಿ. ಎನ್. ಮಂಜುನಾಥರೂ ಪ್ರಖ್ಯಾತರು; 1990ರ ಡಿಸೆಂಬರಿನಲ್ಲಿ ಮೊದಲ ಸಲ ಜೋಡಿಸಲಾದ ತಿರುವನಂತಪುರದ ಚಿತ್ರಾ ಕೃತಕ ಕವಾಟದ ಹಿಂದಿದ್ದ ಎಂ. ಎಸ್. ವಲಿಯತ್ತಾನರು ಆಮೇಲೆ ನಮ್ಮ ಮಣಿಪಾಲಕ್ಕೆ ಬಂದು ನೆಲೆಸಿದವರು.

ಮಾಕಳಿಯವರಿಗೆ ಜಯದೇವ ಆಸ್ಪತ್ರೆ ಈಗ ಹಿಂದಿನಷ್ಟು ದೂರವೂ ಅಲ್ಲ. 2024ರ ನವೆಂಬರಿನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರಕ್ಕೆ ಬಂದಿದೆ. 2025ರ ಆಗಸ್ಟಿನಿಂದ ಹಳದಿ ಮಾರ್ಗ ಓಡುತ್ತಿದೆ. ಮಾದಾವರದಲ್ಲಿ ಹತ್ತಿ ಆರ್.ವಿ. ರಸ್ತೆಯಲ್ಲಿ ಗಾಡಿ ಬದಲಿಸಿದರೆ ಅಲ್ಲಿಂದ ಎರಡನೆಯ ನಿಲ್ದಾಣದ ಹೆಸರೇ ಜಯದೇವ ಆಸ್ಪತ್ರೆ. ಹೋಗುವಾಗ ಮೊದಲ ಎಕೋದಿಂದ ಹಿಡಿದು ಎಲ್ಲ ವರದಿಗಳನ್ನೂ ಒಯ್ಯಿರಿ, ಊರಲ್ಲಿರುವುದನ್ನು ಮುಂದಿನ ಹಬ್ಬಕ್ಕೆ ಹೋದಾಗ ತಂದಿಟ್ಟುಕೊಳ್ಳಿರಿ. ಹೊಸದನ್ನು ಅಳತೆಯ ಅಂಕಿಗಳ ಸಹಿತ ಕೇಳಿ ಪಡೆದು, ದೋಷದ ಮೂಲವೇನು, ಮುಂದಿನ ಪರೀಕ್ಷೆ ಯಾವ ತಿಂಗಳು ಎಂಬೆರಡನ್ನು ವೈದ್ಯರ ಕೈಯಿಂದಲೇ ಅದರ ಮೇಲೆ ಬರೆಸಿಕೊಂಡು ಬನ್ನಿರಿ.